ಉಟ್ಟವರ ಮಾತು ಕೇಳುವ ಬಟ್ಟೆ

ಮನಸ್ಸಿಗೆ ನೆಮ್ಮದಿ ಕೊಡುವ ಉಡುಪೆಂದರೆ ತಿಳಿಬಣ್ಣದ, ದುಬಾರಿ ಬಟ್ಟೆ ಎಂದು ಮಾರುಕಟ್ಟೆ ಹೇಳುತ್ತದೆ. ಶಿಕಾರಿಪುರ ಮತ್ತು ಸೊರಬದ ಚರಿತ್ರೆ, ಅಲ್ಲಿನ ಕಂಬಳಿ, ಕೌದಿ, ತಾಂಡಾಗಳನ್ನು ನೋಡಿದರೆ ಬೇರೆಯದೇ ಲೆಕ್ಕ ಸಿಗುತ್ತದೆ.

ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ 12ನೇ ಶತಮಾನದಲ್ಲಿ ಅರಸ ಕೌಶಿಕನ ಅರಮನೆ ತೊರೆದಳು. ಉಟ್ಟ ಬಟ್ಟೆಯನ್ನೂ ಅಲ್ಲೇ ಬಿಟ್ಟು, ಕೂದಲನ್ನೇ ಹೊದ್ದು ಕಲ್ಯಾಣದ ದಾರಿ ಹಿಡಿದಳು. ಕಲ್ಯಾಣದಲ್ಲಿ ಅವಳನ್ನು ಪ್ರಶ್ನೆಗಳಿಂದ ತಡೆದು ನಿಲ್ಲಿಸಿದ ಅಲ್ಲಮಪ್ರಭು ಕೂಡ ಅದೇ ತಾಲ್ಲೂಕಿನ ಬಳ್ಳಿಗಾವಿಯವನು. ಬಟ್ಟೆಯ ಹಂಗು ಬಿಟ್ಟವಳಿಗೆ ಕೂದಲ ಮರೆ ಏಕೆ ಎಂದು ಅವನು ಪಟ್ಟು ಹಿಡಿಯುತ್ತಾನೆ. ನನ್ನ ಮೈ ನೋಡಿ ನಿಮಗೆ ನೋವಾಗದಿರಲಿ ಎಂದು ಮುಚ್ಚಿಕೊಂಡಿದ್ದೇನೆ ಎಂಬುದು ಅವಳ ಉತ್ತರದ ಸಾರ. ಬಟ್ಟೆ ಬಿಟ್ಟದ್ದೂ ಅವಳ ತೀರ್ಮಾನ, ಕೂದಲು ಹೊದ್ದದ್ದೂ ಅವಳ ತೀರ್ಮಾನ. ಒಂದೇ ಸೀಮೆಯ ಈ ಇಬ್ಬರ ವಾಗ್ವಾದ ಶೂನ್ಯಸಂಪಾದನೆಯ ಅತ್ಯಂತ ಬಿಗಿಯಾದ ಪುಟಗಳಲ್ಲೊಂದು.

ಪಕ್ಕದ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಇದಕ್ಕೆ ತೀರಾ ವಿರುದ್ಧವಾದ ಚರಿತ್ರೆಯಿದೆ. ಕಾಯಿಲೆ ವಾಸಿಯಾಗಲಿ, ಮಕ್ಕಳಾಗಲಿ ಎಂದು ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ರೇಣುಕಾಂಬೆಯ ಗುಡಿಗೆ ನಡೆಯುತ್ತಿದ್ದರು. ಹಾಗೆ ನಡೆದವರಲ್ಲಿ ಬಡವರು, ದಲಿತರು, ಹೆಣ್ಣುಮಕ್ಕಳೇ ಹೆಚ್ಚು. 1986ರ ಮಾರ್ಚ್‌ನಲ್ಲಿ ಇದನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಗುಂಪು ಮುಗಿಬಿತ್ತು. ಪೊಲೀಸರ ಬಟ್ಟೆಯನ್ನೇ ಕಳಚಿ ಮೆರವಣಿಗೆ ಮಾಡಿತು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಹರಕೆ ಹೊತ್ತವಳಿಗೆ ಬೇಡ ಅನ್ನುವ ಅವಕಾಶ ಎಷ್ಟಿತ್ತು ಎಂಬ ಪ್ರಶ್ನೆ ಆಗ ರಾಜ್ಯದ ತುಂಬ ಚರ್ಚೆಯಾಯಿತು.

ಎರಡೂ ಕಡೆ ಬಟ್ಟೆ ಇಲ್ಲ. ಒಂದು ಕಡೆ ಅದು ಸ್ವಾತಂತ್ರ್ಯ, ಇನ್ನೊಂದು ಕಡೆ ಅವಮಾನ. ಬಟ್ಟೆಗೂ ಮನಸ್ಸಿಗೂ ಏನು ನಂಟು ಎಂದು ಕೇಳುವವರು ನೂಲು, ಬಣ್ಣ, ತೂಕಕ್ಕಿಂತ ಮೊದಲು ಇಲ್ಲಿಂದ ಶುರು ಮಾಡಬೇಕು. ಏನು ಉಡಬೇಕೆಂದು ತೀರ್ಮಾನಿಸುವವರು ಯಾರು? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕ ಮೇಲಷ್ಟೇ ಉಳಿದ ವಿನ್ಯಾಸಕ್ಕೆ ಅರ್ಥ.

ಕಾನೂನಿನಲ್ಲಿ ಬಟ್ಟೆ

ಭಾರತದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದರ 20ನೇ ಸೆಕ್ಷನ್ ಬಟ್ಟೆಯ ಬಗ್ಗೆ ಎರಡು ಸಲ ಮಾತಾಡುತ್ತದೆ. ಚಿಕಿತ್ಸಾ ಕೇಂದ್ರದಲ್ಲಿರುವ ವ್ಯಕ್ತಿಯ ಮೈ ಬಯಲಾಗದಂತೆ, ಘನತೆ ಉಳಿಯುವಂತೆ ತಕ್ಕ ಉಡುಪು ಕೊಡಬೇಕು ಎನ್ನುವುದು ಒಂದು. ಇಷ್ಟಪಟ್ಟರೆ ತನ್ನ ಸ್ವಂತ ಬಟ್ಟೆಯನ್ನೇ ಧರಿಸಬಹುದು, ಸಮವಸ್ತ್ರ ಹಾಕಿಕೊಳ್ಳುವಂತೆ ಬಲವಂತ ಮಾಡುವಂತಿಲ್ಲ ಎನ್ನುವುದು ಇನ್ನೊಂದು. ಒಪ್ಪಿಗೆಯಿಲ್ಲದೆ ತಲೆ ಬೋಳಿಸಬಾರದು ಎಂಬ ಮಾತೂ ಅದೇ ಪಟ್ಟಿಯಲ್ಲಿದೆ.

ಇದನ್ನು ಬರೆದವರಿಗೆ ಹಳೆಯ ಮಾನಸಿಕ ಆಸ್ಪತ್ರೆಗಳ ನೆನಪಿತ್ತು. ಒಂದೇ ಬಣ್ಣದ ಅಂಗಿ, ಗುಂಡಿ ಇಲ್ಲದ ಪೈಜಾಮ, ನುಣ್ಣಗೆ ಬೋಳಿಸಿದ ತಲೆ. ಒಳಗೆ ಹೋದವರು ಗೇಟಿನಲ್ಲೇ ತಮ್ಮ ಗುರುತು ಕಳೆದುಕೊಳ್ಳುತ್ತಿದ್ದರು. ಮಲೆನಾಡಿನ ಓದುಗರಿಗೆ ಇದು ಆಸ್ಪತ್ರೆಗಷ್ಟೇ ಸೀಮಿತವಾದ ಸಂಗತಿಯೂ ಅಲ್ಲ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಪ್ರಕಟವಾಗಿ, ಬಾಲವಿಧವೆಯ ಬದುಕನ್ನು ಮುಂದಿಟ್ಟಿತು. ಬೋಳು ತಲೆ ಮತ್ತು ಮಡಿಸೀರೆಯನ್ನು ಮನೆಯವರೇ ಹೇರಿದಾಗ ಒಂದು ಜೀವ ಹೇಗೆ ಮುದುಡುತ್ತದೆ, ಮುದುಡಿಯೂ ಹೇಗೆ ಗಟ್ಟಿಯಾಗುತ್ತದೆ ಎಂಬುದು ಆ ಕಾದಂಬರಿಯ ಜೀವಾಳ.

ಹಾಗೆಂದು ವಾರ್ಡಿನಲ್ಲಿ ಏನು ಬೇಕಾದರೂ ನಡೆಯುತ್ತದೆ ಎಂದಲ್ಲ. ತನಗೆ ತಾನೇ ಅಪಾಯ ತಂದುಕೊಳ್ಳುವ ಸ್ಥಿತಿಯಲ್ಲಿರುವವರ ಬಳಿ ಲಾಡಿ, ದುಪಟ್ಟಾ, ಬೆಲ್ಟ್ ಇಡುವಂತಿಲ್ಲ. ಆದರೆ ಲಾಡಿ ತೆಗೆದು ಪೈಜಾಮವನ್ನು ಕೈಯಲ್ಲಿ ಹಿಡಿದು ಓಡಾಡುವಂತೆ ಮಾಡುವುದಕ್ಕೂ, ಅದೇ ಪೈಜಾಮಕ್ಕೆ ಅಗಲವಾದ ಎಲಾಸ್ಟಿಕ್ ಹಾಕಿ ಕೊಡುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡರಲ್ಲೂ ರಕ್ಷಣೆ ಇದೆ. ಮರ್ಯಾದೆ ಇರುವುದು ಎರಡನೆಯದರಲ್ಲಿ.

ಚರ್ಮಕ್ಕೆ ತಿಳಿಯುವುದು

ಇನ್ನು ಬಟ್ಟೆ ಮೈಗೆ ತಾಗಿದಾಗ ಏನಾಗುತ್ತದೆ ಎಂಬುದನ್ನು ನೋಡೋಣ. ನಮ್ಮ ಚರ್ಮದ ರೋಮವಿರುವ ಭಾಗಗಳಲ್ಲಿ ‘ಸಿ-ಟ್ಯಾಕ್ಟೈಲ್’ ಎಂಬ ತೆಳು ನರತಂತುಗಳಿವೆ. ಏನು ತಾಗಿತು, ಎಲ್ಲಿ ತಾಗಿತು ಎಂಬ ವರದಿ ಅವುಗಳ ಕೆಲಸವಲ್ಲ. ತಾಗಿದ್ದು ಹಿತವೋ ಎಂಬುದಕ್ಕೆ ಅವು ಸ್ಪಂದಿಸುತ್ತವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಮೈ ಬಿಸಿಯಷ್ಟೇ ಬಿಸಿಯ ಮೆದು ಸ್ಪರ್ಶಕ್ಕೆ ಅವು ಚೆನ್ನಾಗಿ ಎಚ್ಚೆತ್ತುಕೊಳ್ಳುತ್ತವೆ ಎಂದು ಸ್ವೀಡನ್ನಿನ ಸಂಶೋಧಕರು ತೋರಿಸಿದ್ದಾರೆ. ಅಮ್ಮ ಮಗುವಿನ ಬೆನ್ನು ಸವರುವ ವೇಗ ಹೆಚ್ಚುಕಡಿಮೆ ಅದೇ. ಒಗೆದೂ ಒಗೆದೂ ಮೆತ್ತಗಾದ ಅಜ್ಜಿಯ ಹತ್ತಿ ಸೀರೆಯಲ್ಲೇ ಹಸುಗೂಸನ್ನು ಸುತ್ತುವ ನಮ್ಮ ಬಾಣಂತನದ ರೂಢಿ ಈ ವಿಜ್ಞಾನಕ್ಕೆ ಮೊದಲೇ ಗಟ್ಟಿಯಾಗಿ ನೆಲೆಯೂರಿತ್ತು. ಕೂಸಿನ ಕಾಲುಗಳನ್ನು ಮಾತ್ರ ನೇರ ಮಾಡಿ ಬಿಗಿಯಾಗಿ ಕಟ್ಟಬಾರದು. ಸೊಂಟದ ಕೀಲು ಸರಿಯಾಗಿ ಕೂರಲು ಕಾಲು ಮಡಚಿ ಆಡಿಸುವಷ್ಟು ಜಾಗ ಬೇಕು.

ಹಿತದಷ್ಟೇ ಅಹಿತವೂ ಮುಖ್ಯ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಕತ್ತಿನ ಹಿಂದಿನ ಲೇಬಲ್, ಕಂಕುಳ ಬಳಿಯ ದಪ್ಪ ಹೊಲಿಗೆ, ಕಾಲುಚೀಲದ ತುದಿಯ ಗಂಟು ಸಹಿಸಲಾಗದ ಕಾಟ. 2013ರಲ್ಲಿ ಬಂದ ಮನೋರೋಗ ನಿರ್ಣಯದ ಅಮೆರಿಕನ್ ಕೈಪಿಡಿ ‘ಡಿಎಸ್‌ಎಂ-5’ ಇಂಥ ಸ್ಪರ್ಶಸಂಕಟವನ್ನು ಆಟಿಸಂ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಬೆಳಿಗ್ಗೆ ಯೂನಿಫಾರಂ ಹಾಕುವಾಗ ರಂಪ ಮಾಡುವ ಮಗುವನ್ನು ‘ಹಟಮಾರಿ’ ಎಂದು ಗದರುವ ಮೊದಲು ಅಂಗಿಯನ್ನು ಒಳಮಗ್ಗುಲು ಮಾಡಿ ಬೆರಳಾಡಿಸಿ ನೋಡಬೇಕು.

ಸಮವಸ್ತ್ರದ ಪಾಲಿಯೆಸ್ಟರ್ ಮಿಶ್ರಣಕ್ಕೂ ಒಂದು ಲೆಕ್ಕವಿದೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ 7–8ರಷ್ಟು ತೇವ ಹೀರಿಟ್ಟುಕೊಳ್ಳುತ್ತದೆ. ಉಣ್ಣೆ ಅದರ ಎರಡರಷ್ಟು. ಪಾಲಿಯೆಸ್ಟರ್ ಶೇ 0.4ರಷ್ಟು ಮಾತ್ರ. ಶಿಕಾರಿಪುರದ ಏಪ್ರಿಲ್ ಬಿಸಿಲಿಗೆ ಬೆವರು ಹೀರದ ಅಂಗಿ ಮೈಗೆ ಅಂಟುತ್ತದೆ. ಅದೇ ಜುಲೈನಲ್ಲಿ ಸೊರಬಕ್ಕೆ ಬನ್ನಿ. ದಪ್ಪ ಹತ್ತಿ ಬಟ್ಟೆ ದಿನಗಟ್ಟಲೆ ಒಣಗದೆ, ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಹೊಗೆ ವಾಸನೆ ಹಿಡಿದು ನೇತಾಡುತ್ತದೆ. ಹಸಿ ಬಟ್ಟೆ ಹಾಕಿಕೊಂಡು ಶಾಲೆಗೆ ಹೋಗುವ ಮಗುವಿಗೆ ‘ಹತ್ತಿಯೇ ಶ್ರೇಷ್ಠ’ ಎಂಬ ಉಪದೇಶದಿಂದ ಏನೂ ಸಿಗದು. ಅಲ್ಲಿ ಬೇಗ ಒಣಗುವ ತೆಳು ಹತ್ತಿ ಅಥವಾ ಹತ್ತಿಯ ಪಾಲು ಹೆಚ್ಚಿರುವ ಮಿಶ್ರಣ, ಜೊತೆಗೆ ಇನ್ನೊಂದು ಜೊತೆ ಸಮವಸ್ತ್ರ ಬೇಕು.

ಕಂಬಳಿಯ ಭಾರ

ನಿದ್ದೆಗೆಡುವವರಿಗೆಂದು ಭಾರದ ಹೊದಿಕೆಗಳು ಈಗ ಆನ್‌ಲೈನ್ ಅಂಗಡಿಗಳಲ್ಲಿ ಸಾವಿರಾರು ರೂಪಾಯಿಗೆ ಮಾರಾಟವಾಗುತ್ತಿವೆ. ಇದರ ಹಿಂದೆ ಸ್ವಲ್ಪ ಆಧಾರವೂ ಇದೆ. ಖಿನ್ನತೆ, ಆತಂಕ, ಬೈಪೋಲಾರ್, ಎಡಿಎಚ್‌ಡಿ ತೊಂದರೆಗಳ ಜೊತೆ ನಿದ್ರಾಹೀನತೆಯೂ ಇದ್ದ 120 ಮಂದಿಯ ಮೇಲೆ ಸ್ವೀಡನ್ನಿನಲ್ಲಿ ನಡೆದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಕೆಲವರಿಗೆ 6ರಿಂದ 8 ಕಿಲೋ ತೂಕದ ಸರಪಳಿ ಹೊದಿಕೆ, ಉಳಿದವರಿಗೆ ಒಂದೂವರೆ ಕಿಲೋದ ಹಗುರ ಹೊದಿಕೆ. ನಾಲ್ಕು ವಾರಗಳ ಬಳಿಕ ಭಾರದ ಹೊದಿಕೆಯ ಗುಂಪಿನಲ್ಲಿ ಸುಮಾರು ಶೇ 60 ಮಂದಿಯ ನಿದ್ರಾಹೀನತೆಯ ಅಂಕ ಅರ್ಧಕ್ಕಿಳಿದಿತ್ತು. ಹಗುರ ಹೊದಿಕೆಯವರಲ್ಲಿ ಶೇ 5ರ ಆಸುಪಾಸು. ಆದರೆ ತಾನು ಹೊದ್ದದ್ದು ಭಾರದ್ದೋ ಹಗುರದ್ದೋ ಎಂಬುದು ಹೊದ್ದವರಿಗೆ ಗೊತ್ತಾಗಿಯೇ ಆಗುತ್ತದೆ. ಹಾಗಾಗಿ ನಿರೀಕ್ಷೆಯ ಪಾಲೆಷ್ಟು, ಭಾರದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಎಳೆ ಮಕ್ಕಳಿಗೆ, ಉಸಿರಾಟದ ತೊಂದರೆಯವರಿಗೆ, ಹೊದಿಕೆಯನ್ನು ತಾವೇ ಸರಿಸಲಾರದವರಿಗೆ ಇದನ್ನು ಹೊದಿಸಲೇಬಾರದು.

ನಮ್ಮ ಕರಿ ಕಂಬಳಿಗೆ ಅಷ್ಟು ಭಾರವಿಲ್ಲ. ಆದರೂ ಮಲೆನಾಡಿನ ಮಳೆಗೆ ಅದನ್ನು ಮಡಚಿ ಕೊಪ್ಪೆ ಮಾಡಿ ಗದ್ದೆಗಿಳಿದವರಿಗೆ ಅದರ ಗುಣ ಗೊತ್ತು. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿದರೂ ಹಸಿ ಅನ್ನಿಸುವುದಿಲ್ಲ. ತೇವ ಹೀರುವಾಗ ಒಂದಿಷ್ಟು ಬಿಸಿಯನ್ನೂ ಬಿಡುತ್ತದೆ. ಚಳ್ಳಕೆರೆ ಸೀಮೆಯ ಕುರುಬ ನೇಕಾರರು ದಖ್ಖನಿ ಕುರಿಯ ಉಣ್ಣೆ ನೂತು, ಹುಣಸೆ ಬೀಜದ ಸರಿ ಹಚ್ಚಿ ನೇಯ್ದ ಕಂಬಳಿ ಘಟ್ಟದ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು. ಚುಚ್ಚುತ್ತದೆ ಎಂಬ ದೂರು ಮಾತ್ರ ನಿಜ. 30 ಮೈಕ್ರಾನಿಗಿಂತ ದಪ್ಪಗಿರುವ ಉಣ್ಣೆಯ ಎಳೆಯ ತುದಿ ಬಾಗದೆ ಚರ್ಮಕ್ಕೆ ಚುಚ್ಚುತ್ತದೆ. ಅದಕ್ಕೇ ಒಳಗೆ ಹಳೆ ಸೀರೆಯ ಪದರವಿಟ್ಟು ಹೊದೆಯುವ ರೂಢಿ. ಹೊರಗೆ ಭಾರ ಮತ್ತು ಬಿಸಿ, ಒಳಗೆ ಮೆದು: ವಿನ್ಯಾಸ ಶಾಲೆಗಳು ಬರೆದು ಕಲಿಸುವ ಪಾಠ ಇಷ್ಟೇ.

ತಿಳಿಬಣ್ಣವೇ ಏಕೆ?

‘ಶಾಂತಿ ಕೊಡುವ ಬಣ್ಣ’ ಎಂಬ ಮಾತಿಗೆ ಇನ್ನೂ ಎಚ್ಚರ ಬೇಕು. ಒಂದು ಬಗೆಯ ಗುಲಾಬಿ ಬಣ್ಣ ಕೈದಿಗಳ ಸಿಟ್ಟು ಇಳಿಸುತ್ತದೆ ಎಂದು 1979ರ ಹೊತ್ತಿಗೆ ಅಮೆರಿಕದಲ್ಲಿ ದೊಡ್ಡ ಸುದ್ದಿಯಾಯಿತು, ಜೈಲು ಕೋಣೆಗಳಿಗೆ ಬಳಿಯಲಾಯಿತು. ಸ್ವಿಟ್ಜರ್ಲೆಂಡಿನ ಜೈಲೊಂದರಲ್ಲಿ ಅದನ್ನು ಕ್ರಮಬದ್ಧವಾಗಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಅಂಥ ಪರಿಣಾಮ ಕಾಣಲಿಲ್ಲ. ಧರಿಸಿದ ಉಡುಪು ಯೋಚನೆಯನ್ನೇ ಬದಲಿಸುತ್ತದೆ ಎಂಬ ವಾದಕ್ಕೂ ಇದೇ ಗತಿ ಬಂತು. ಡಾಕ್ಟರ ಬಿಳಿ ಕೋಟು ಎಂದು ಹೇಳಿ ತೊಡಿಸಿದರೆ ಏಕಾಗ್ರತೆ ಹೆಚ್ಚುತ್ತದೆ ಎಂದು ಹಾಜೊ ಆಡಮ್ ಮತ್ತು ಆಡಮ್ ಗ್ಯಾಲಿನ್ಸ್ಕಿ 2012ರಲ್ಲಿ ಬರೆದರು. 2019ರಲ್ಲಿ ಆ ಪ್ರಯೋಗವನ್ನು ಮತ್ತೆ ಮಾಡಿದವರಿಗೆ ಅದೇ ಫಲ ಸಿಗಲಿಲ್ಲ. ಉಡುಪಿನ ಪ್ರಭಾವವೇ ಸುಳ್ಳು ಎಂದಲ್ಲ. ಅದನ್ನು ಒಂದು ಗುಳಿಗೆಯಂತೆ ಎಲ್ಲರಿಗೂ ಬರೆದುಕೊಡಲಾಗದು ಎಂದರ್ಥ.

ಶಿಕಾರಿಪುರ ತಾಲ್ಲೂಕಿನ ಲಂಬಾಣಿ ತಾಂಡಾಗಳಿಗೆ ಹೋದರೆ ತಿಳಿಬಣ್ಣದ ವಾದ ತಾನಾಗಿಯೇ ಬಿದ್ದುಹೋಗುತ್ತದೆ. ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಪಕ್ಕದ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ಫೆಬ್ರುವರಿಯ ಜಯಂತಿಗೆ ಅಲ್ಲಿ ಸೇರುವ ಹಿರಿಯ ಹೆಂಗಸರ ಲಂಗ ಫೇಟಿಯಾ, ರವಿಕೆ ಕಾಂಚಳಿಯಲ್ಲಿ ಕಡುಗೆಂಪು, ಹಳದಿ, ನೀಲಿ, ನಡುವೆ ಕನ್ನಡಿ, ಕವಡೆ, ನಾಣ್ಯ. ನಡೆದರೆ ಬಟ್ಟೆಯೇ ಸದ್ದು ಮಾಡುತ್ತದೆ. ಈ ಗದ್ದಲದ ಉಡುಪೇ ಅವರಿಗೆ ನೆಮ್ಮದಿ, ಏಕೆಂದರೆ ಅದು ನಾನು ಇಂಥವರ ಪೈಕಿ ಎಂದು ಹೇಳುತ್ತದೆ. ಅದೇ ಉಡುಪು ಪೇಟೆಯಲ್ಲಿ ಬೆರಗಿನ, ಕೆಲವೊಮ್ಮೆ ಕುಹಕದ ನೋಟಕ್ಕೆ ಗುರಿಯಾಗುತ್ತದೆ. ಕಿರಿಯರು ಬಹುಮಟ್ಟಿಗೆ ಸೀರೆ, ಚೂಡಿದಾರಕ್ಕೆ ಬದಲಾಗಿದ್ದಾರೆ. ಭಾರ, ಸೆಕೆ, ಕೂಲಿ ಕೆಲಸಕ್ಕೆ ಅಡ್ಡಿ ಎಂಬ ಕಾರಣಗಳು ನ್ಯಾಯವಾದವೇ. ನಾಚಿಕೆಯಿಂದ ಬಿಟ್ಟವರೂ ಇದ್ದರೆ ಅದಕ್ಕೆ ಹೊಣೆ ನೋಡುವವರ ಕಣ್ಣು.

ಸಂಡೂರು ಕುಶಲ ಕಲಾ ಕೇಂದ್ರದ ಕೆಲಸ ಇಲ್ಲಿ ನೆನಪಾಗುತ್ತದೆ. 1980ರ ದಶಕದಲ್ಲಿ ಶುರುವಾದ ಆ ಕೇಂದ್ರದ ಹೆಣ್ಣುಮಕ್ಕಳ ಸೂಜಿಕೆಲಸಕ್ಕೆ 2010ರಲ್ಲಿ ‘ಸಂಡೂರು ಲಂಬಾಣಿ ಕಸೂತಿ’ ಎಂಬ ಭೌಗೋಳಿಕ ಸೂಚಿಕೆ ಸಿಕ್ಕಿತು. ಪೇಟೆಯವರು ನಕ್ಕ ಹೊಲಿಗೆಗೆ ಪೇಟೆಯೇ ಬೆಲೆ ಕಟ್ಟಿದಾಗ ಹೊಲಿದವರ ಬೆನ್ನು ನೆಟ್ಟಗಾಗುತ್ತದೆ.

ಸೂಜಿ ಹಿಡಿದ ಕೈ

ಬಟ್ಟೆ ಮನಸ್ಸನ್ನು ತಲುಪುವ ಇನ್ನೊಂದು ದಾರಿ ಅದನ್ನು ಮಾಡುವ ಕೈ. ಬೇಸಿಗೆಯಲ್ಲಿ ಜಗುಲಿಯ ಮೇಲೆ ಹಳೆ ಸೀರೆ, ಪಂಚೆ, ಅಂಗಿಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವಾಗ ನಾಲ್ಕಾರು ಹೆಂಗಸರು ಸುತ್ತ ಕೂರುತ್ತಾರೆ. ಕೈ ಒಂದೇ ಲಯದಲ್ಲಿ ಸಾಗುತ್ತದೆ, ಬಾಯಿಗೆ ಬಿಡುವಿರುತ್ತದೆ. ಎದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಹೇಳಲಾಗದ ಮಾತು ಸೂಜಿಯ ಮೇಲೆ ಕಣ್ಣಿಟ್ಟಾಗ ಸಲೀಸಾಗಿ ಬರುತ್ತದೆ. ಸೊರಬದ ಉತ್ತರಕ್ಕೆ ಘಟ್ಟದ ಸೆರಗಿನ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರು ಮಾಡಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿದ ಹೂವು ಇಡದಿದ್ದರೆ ಆ ಕೌದಿ ಬೆತ್ತಲೆ ಎನ್ನುತ್ತಾರೆ.

ಹೆಣಿಗೆ ಮಾಡುವ 3,500ಕ್ಕೂ ಹೆಚ್ಚು ಮಂದಿಯನ್ನು ಹಲವು ದೇಶಗಳಲ್ಲಿ ಮಾತಾಡಿಸಿದ ಸಮೀಕ್ಷೆಯೊಂದು 2013ರಲ್ಲಿ ಬ್ರಿಟನ್ನಿನ ಆಕ್ಯುಪೇಷನಲ್ ಥೆರಪಿ ಪತ್ರಿಕೆಯಲ್ಲಿ ಬಂತು. ಹೆಚ್ಚು ಸಲ ಹೆಣೆಯುವವರು ಹೆಚ್ಚು ನಿರಾಳವಾಗಿರುವುದಾಗಿ ಹೇಳಿಕೊಂಡಿದ್ದರು. ಅವರು ಹೇಳಿಕೊಂಡದ್ದು ಅಷ್ಟೇ, ಹೆಣಿಗೆಯೇ ಔಷಧ ಎಂದು ಸಾಬೀತಾದಂತಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ನೇಯ್ಗೆ, ಹೊಲಿಗೆ ಬಹುಕಾಲದಿಂದ ಚಿಕಿತ್ಸೆಯ ಭಾಗ. ಚದುರಿದ ಗಮನ ಒಂದು ಕಡೆ ನಿಲ್ಲುತ್ತದೆ, ಮುಗಿಸಿದ ಕೆಲಸ ಕಣ್ಣಿಗೆ ಕಾಣುತ್ತದೆ, ದಿನಕ್ಕೊಂದು ಕ್ರಮ ಬರುತ್ತದೆ. ಇದಕ್ಕೂ 2017ರ ಕಾಯ್ದೆ ಒಂದು ಗೆರೆ ಎಳೆದಿದೆ: ಕೆಲಸಕ್ಕೆ ಬಲವಂತ ಇಲ್ಲ, ಮಾಡಿದ ಕೆಲಸಕ್ಕೆ ತಕ್ಕ ಸಂಭಾವನೆ.

ಸೊರಬಕ್ಕೆ ತಾಗಿಕೊಂಡ ಸಾಗರ ತಾಲ್ಲೂಕಿನಲ್ಲಿ, ಹೆಗ್ಗೋಡು ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ 1990ರ ದಶಕದಲ್ಲಿ ಕಟ್ಟಿದ ‘ಚರಕ’ ಮಹಿಳಾ ಸಹಕಾರ ಸಂಘ ಇದೇ ಮಾತನ್ನು ಆರ್ಥಿಕತೆಯ ಭಾಷೆಯಲ್ಲಿ ಹೇಳಿತು. ಊರ ಹೆಣ್ಣುಮಕ್ಕಳೇ ಅಲ್ಲಿ ನೇಯುತ್ತಾರೆ, ಬಣ್ಣ ಹಾಕುತ್ತಾರೆ, ಹೊಲಿಯುತ್ತಾರೆ. ಹಸಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರು ಅಲ್ಲಿ ಕಂದುಗೆಂಪು ಬಣ್ಣವಾಗುತ್ತದೆ. ಮನೆಯಂಗಳದ ಹಂಡೆಯಲ್ಲಿ ದಿನವೂ ನೋಡಿದ ದ್ರವ ಜುಬ್ಬಾದ ಬಣ್ಣವಾಗುವುದನ್ನು ಕಂಡವಳಿಗೆ ತನ್ನ ಊರಿನ ಬಗ್ಗೆಯೇ ಹೊಸ ಗೌರವ ಹುಟ್ಟಿದರೆ ಅಚ್ಚರಿಯಿಲ್ಲ.

ಇದರ ಎದುರಿಗೆ ಗಾರ್ಮೆಂಟ್ಸ್ ಇದೆ. ಈ ಸೀಮೆಯ ಎಷ್ಟೋ ಹೆಣ್ಣುಮಕ್ಕಳಿಗೆ ಅದೇ ಮೊದಲ ಸಂಬಳ, ಮೊದಲ ಸ್ವಂತ ಬ್ಯಾಂಕ್ ಖಾತೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಅಲ್ಲಿ ಅಂಗಿಯ ಒಂದೇ ತುಂಡನ್ನು, ಒಂದೇ ಹೊಲಿಗೆಯನ್ನು, ಗಂಟೆಯ ಟಾರ್ಗೆಟ್ ಬೆನ್ನಟ್ಟಿ ಹೊಲಿಯಬೇಕು. ಬೆಂಗಳೂರಿನ ಕಾರ್ಖಾನೆಗಳಲ್ಲಿ ಹಳೆ ದೀಪ ತೆಗೆದು ಎಲ್‌ಇಡಿ ಹಾಕಿದಾಗ ಒಳಗಿನ ಬಿಸಿ ಇಳಿದು ಕೆಲಸವೂ ಸುಧಾರಿಸಿತು ಎಂದು 2020ರಲ್ಲಿ ಪ್ರಕಟವಾದ ಅರ್ಥಶಾಸ್ತ್ರ ಅಧ್ಯಯನ ತೋರಿಸಿದೆ. ಮೈಗೆ ಹಿತವಾದರೆ ಕೆಲಸವೂ ಹಸನಾಗುತ್ತದೆ ಎಂಬುದಕ್ಕೆ ಮಾಲೀಕರಿಗೂ ಒಪ್ಪಿಗೆಯಾಗುವ ಪುರಾವೆ ಇದು. ಉಟ್ಟವರ ಮನಸ್ಸಿಗೆ ತಂಪೆಂದು ಮಾರುವ ಅಂಗಿ ಹೊಲಿದವರ ಬೆವರಿನಲ್ಲಿ ನೆನೆದಿದ್ದರೆ ಆ ಮಾತಿಗೆ ಬೆಲೆಯಿಲ್ಲ.

ಟೈಲರ್ ಅಂಗಡಿಯಲ್ಲಿ ಆಗುವ ಕೆಲಸ

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಮಾನಸಿಕ ತೊಂದರೆಗೆ ಔಷಧ ತೆಗೆದುಕೊಳ್ಳುವ ಹೆಚ್ಚಿನವರು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ ಇದ್ದಾರೆ. 2014ರಲ್ಲಿ ಶುರುವಾದ ರಾಜ್ಯ ಸರ್ಕಾರದ ‘ಮನೋಚೈತನ್ಯ’ ಯೋಜನೆಯ ಉದ್ದೇಶವೇ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯಲ್ಲೇ ಮನೋವೈದ್ಯರು ಸಿಗುವಂತೆ ಮಾಡುವುದು. ಬಸ್ಸು ಹತ್ತಿ ಬಂದು ಗುಳಿಗೆ ತೆಗೆದುಕೊಂಡು ಹೋಗುವ ಇಂಥವರ ಬಟ್ಟೆಯ ಬಗ್ಗೆ ಯೋಚಿಸಿದವರು ಕಡಿಮೆ.

ಒಲಾಂಜಪಿನ್‌ನಂಥ ಕೆಲವು ಔಷಧಗಳಿಂದ ಕೆಲವೇ ತಿಂಗಳಲ್ಲಿ ಮೈ ತೂಕ ಏರುತ್ತದೆ. ರವಿಕೆ ಹಿಡಿಯುವುದಿಲ್ಲ, ಪ್ಯಾಂಟಿನ ಗುಂಡಿ ಕೂರುವುದಿಲ್ಲ. ಮದುವೆ ಮನೆಗೆ ಹೋಗಲು ಸಂಕೋಚ, ಕೊನೆಗೆ ಗುಳಿಗೆಯನ್ನೇ ಬಿಟ್ಟುಬಿಡುವ ಯೋಚನೆ. ನಮ್ಮ ಟೈಲರುಗಳು ರವಿಕೆಯ ಪಕ್ಕದಲ್ಲಿ ಬಟ್ಟೆ ಬಿಟ್ಟು ಎರಡು ಮೂರು ಸಾಲು ಹೊಲಿಗೆ ಹಾಕುವುದು ಮೊದಲಿಂದಲೂ ಇದೆ. ಒಂದು ಸಾಲು ಬಿಚ್ಚಿದರೆ ಬಟ್ಟೆ ಮತ್ತೆ ಮೈಗೆ ಬರುತ್ತದೆ. ಇಂಥವರ ಪ್ಯಾಂಟು, ಚೂಡಿದಾರ, ಅಂಗಿಗೂ ಇದೇ ಉಪಾಯ ಸಲ್ಲುತ್ತದೆ. ಕ್ಲೋರ್‌ಪ್ರೊಮಜಿನ್ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಗದ್ದೆಗೆ ಹೋಗುವವರಿಗೆ ತೆಳು ಹತ್ತಿಯ ತುಂಬುತೋಳು ಬೇಕು. ಕೈ ನಡುಗುವವರಿಗೆ ಸಣ್ಣ ಗುಂಡಿ ದಿನದ ಮೊದಲ ಸೋಲು; ದೊಡ್ಡ ಗುಂಡಿ ಅಥವಾ ಮುಂದಿನ ಒತ್ತುಗುಂಡಿ ಸಾಕು. ಕ್ಲೋಜಪಿನ್‌ನಿಂದ ರಾತ್ರಿ ಜೊಲ್ಲು ಸುರಿಯುವವರಿಗೆ ಬೇಗ ಒಗೆದು ಒಣಗಿಸಬಹುದಾದ ದಿಂಬಿನ ಚೀಲ ಎರಡು ಮೂರು ಇರಲಿ.

ಮರೆವಿನ ಕಾಯಿಲೆಯ ಅಜ್ಜನಿಗೆ ಹಿಂದೆ ತೆರೆಯುವ ಆಸ್ಪತ್ರೆ ಗೌನು ಅವಮಾನ. ಲುಂಗಿಗೆ ಎಲಾಸ್ಟಿಕ್, ಅಂಗಿಗೆ ಮುಂದಿನ ಗುಂಡಿಯ ಹಿಂದೆ ವೆಲ್ಕ್ರೋ ಇಟ್ಟರೆ ನೋಡುವವರಿಗೆ ಅದು ಎಂದಿನ ಉಡುಪೇ. ಬಾಣಂತಿಯ ನೈಟಿಗೆ ಹಾಲೂಡಿಸಲು ಅನುಕೂಲವಾಗುವ ಜಿಪ್ ಈಗ ಸಾಮಾನ್ಯ. ಆದರೆ ಆ ನೈಟಿಗೆ ಜೇಬು ಇರುವುದು ಅಪರೂಪ. ಮನೆ ತುಂಬ ನೆಂಟರಿರುವಾಗ ಫೋನು, ಹತ್ತು ರೂಪಾಯಿ, ಒಂದು ಗುಳಿಗೆ ಪಟ್ಟಿಯನ್ನು ತನ್ನ ಮೈ ಮೇಲೇ ಇಟ್ಟುಕೊಳ್ಳುವ ಜಾಗ ಹೆಣ್ಣಿಗೆ ಬೇಕು.

ಇವುಗಳಲ್ಲಿ ಯಾವುದಕ್ಕೂ ಹೊಸ ನೂಲು ಬೇಕಿಲ್ಲ, ಹೊಸ ಯಂತ್ರ ಬೇಕಿಲ್ಲ. ಬಟ್ಟೆ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಅದಕ್ಕೆ ವೈದ್ಯರಿದ್ದಾರೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಬಟ್ಟೆ ಮಾಡಬಹುದಾದದ್ದು ಇಷ್ಟು: ಗುಣವಾಗುವ ದಾರಿಯಲ್ಲಿರುವವರಿಗೆ ಮನೆಯಿಂದ ಹೊರಬೀಳುವ ಧೈರ್ಯ ಕೊಡುವುದು, ಇಲ್ಲವೇ ಆ ಧೈರ್ಯವನ್ನು ಕಿತ್ತುಕೊಳ್ಳುವುದು.

ಹೊಲಿಗೆ ತರಬೇತಿ ಕೇಂದ್ರಗಳ ಪಾಠಪಟ್ಟಿಯಲ್ಲಿ ಕತ್ತರಿಸುವುದು, ಅಳತೆ ತೆಗೆಯುವುದು, ಡಿಸೈನು ಎಲ್ಲವೂ ಇವೆ. ಅದಕ್ಕೊಂದು ವಾರ ಸೇರಿಸಿ ತಾಲ್ಲೂಕು ಆಸ್ಪತ್ರೆಯ ದಾದಿಯೊಬ್ಬರು, ವಿಶೇಷ ಮಕ್ಕಳ ತಾಯಿಯೊಬ್ಬರು ಬಂದು ಮಾತಾಡಿದರೆ ಸಾಕು. ಜೊತೆಗೊಂದು ಅಭ್ಯಾಸ ಕಲಿಸಬೇಕು. ಟೇಪು ಹಿಡಿದ ಟೈಲರ್ ಸಾಮಾನ್ಯವಾಗಿ ಕರೆದುಕೊಂಡು ಬಂದವರನ್ನು ಕೇಳುತ್ತಾರೆ: ‘ಇವರಿಗೆ ಹೇಗೆ ಹೊಲಿಯಲಿ?’ ಆ ಪ್ರಶ್ನೆಯನ್ನು ತೊಡುವವರ ಮುಖ ನೋಡಿ, ‘ನಿಮಗೆ ಹೇಗೆ ಬೇಕು?’ ಎಂದು ಕೇಳಿ, ಉತ್ತರ ನಿಧಾನವಾಗಿ ಬಂದರೂ ಕಾದು, ಬಂದ ಹಾಗೆಯೇ ಬರೆದುಕೊಳ್ಳಲಿ.